‘ಖರೀದಿಸಿ’ ಅಂತ ಒತ್ತಿ ತಗೊಂಡ ಪುಸ್ತಕ ಯಾರದ್ದು? ಒಂದು ಇ-ಪುಸ್ತಕ ಸೇವೆಯ ವಿಮರ್ಶೆ

ಮೂರು ವರ್ಷದಿಂದ ಒಂದು ಇ-ಪುಸ್ತಕ ಸೇವೆ ಬಳಸುತ್ತಿದ್ದೇನೆ. ಓದುವ ಸುಖಕ್ಕೆ ಮಾತ್ರ ಅಂಕ ಕೊಡುವುದಾದರೆ 5ಕ್ಕೆ 5. ಪರದೆ ಕಣ್ಣಿಗೆ ಹಿತ, ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಅಮ್ಮನಿಗೆ ಬೇಕಾದಷ್ಟು ದೊಡ್ಡ ಅಕ್ಷರ ಮಾಡಿಕೊಡಬಹುದು. ಆದರೂ ನಾನು ಕೊಡುವುದು 2.

ಹೋದ ತಿಂಗಳು ಒಂದು ರಾತ್ರಿ, ಅರ್ಧ ಓದಿದ್ದ ಪುಸ್ತಕವನ್ನು ತೆರೆಯಲು ಹೋದೆ. ಮುಖಪುಟ ಬೂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ‘ಈ ಪುಸ್ತಕ ಲಭ್ಯವಿಲ್ಲ’ ಎಂಬ ಒಂದೇ ಸಾಲು. ದುಡ್ಡು ವಾಪಸ್ ಬಂತು, ಸುಳ್ಳು ಹೇಳಬಾರದು. ಆದರೆ ಪುಸ್ತಕದ ಪಕ್ಕದಲ್ಲಿ ನಾನು ಬರೆದಿದ್ದ ಟಿಪ್ಪಣಿಗಳು? ಎಂಟು ತಿಂಗಳ ಕೆಲಸ ಅದು. ಅದೂ ಹೋಯಿತು.

ಇದು ನನಗೊಬ್ಬಳಿಗೇ ಆದದ್ದಲ್ಲ. 2009ರಲ್ಲಿ ಅಮೆಜಾನ್ ಕಂಪನಿ, ಮಾರಾಟಗಾರನಿಗೆ ಹಕ್ಕಿರಲಿಲ್ಲ ಎಂದು ಜಾರ್ಜ್ ಆರ್ವೆಲ್ ಕಾದಂಬರಿಗಳನ್ನು ಓದುಗರ ಕೈಯಲ್ಲಿದ್ದ, ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ಗಳಿಂದಲೇ ಅಳಿಸಿಹಾಕಿತ್ತು. ಟಿಪ್ಪಣಿಗಳು ಕೆಲಸಕ್ಕೆ ಬಾರದಂತಾದ ಒಬ್ಬ ವಿದ್ಯಾರ್ಥಿ ಕೋರ್ಟಿಗೂ ಹೋಗಿದ್ದ.

ನನ್ನ ಗೆಳೆಯನೊಬ್ಬ ಲಿಬರ್ಟೇರಿಯನ್, ಅಂದರೆ ವ್ಯಕ್ತಿಯ ಸ್ವಾತಂತ್ರ್ಯವೇ ದೊಡ್ಡದು, ಸರ್ಕಾರದ ಕೈ ಆದಷ್ಟು ಕಡಿಮೆ ಇರಲಿ ಅನ್ನುವವನು. ಆಸ್ತಿ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಸರ್ಕಾರ ಅದನ್ನು ಕಾದರೆ ಸಾಕು ಅನ್ನುತ್ತಾನೆ. ಅವನಿಗೆ ಹೇಳಿದೆ. “ಷರತ್ತು ಒಪ್ಪಿಕೊಂಡವಳು ನೀನೇ ಅಲ್ವಾ? ಯಾರೂ ಕೈ ಹಿಡಿದು ಒತ್ತಿಸಲಿಲ್ಲ” ಅಂದ.

ಒಪ್ಪಿದ್ದೆ, ನಿಜ. ಆದರೆ ಗುಂಡಿಯ ಮೇಲೆ ಇದ್ದದ್ದು ‘ಖರೀದಿಸಿ’ ಎಂಬ ಪದ. ಇದು ಮಾರಾಟವಲ್ಲ, ಓದಲು ಕೊಡುವ ಪರವಾನಗಿ ಅಷ್ಟೇ ಎಂಬ ಮಾತು ಎಷ್ಟೋ ಪುಟದ ಷರತ್ತುಗಳ ಒಳಗೆ ಕೂತಿತ್ತು. ಇನ್ನು ಆ ಸಿದ್ಧಾಂತಕ್ಕೆ ಬುನಾದಿ ಹಾಕಿದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಹೇಳಿದ್ದೇನು? ಯಾರದ್ದೂ ಅಲ್ಲದ ನೆಲಕ್ಕೆ ನನ್ನ ದುಡಿಮೆ ಬೆರೆತರೆ ಅದು ನನ್ನದಾಗುತ್ತದೆ ಎಂದು. ಪುಸ್ತಕ ಬೇರೆಯವರದ್ದು ಅಂತಲೇ ಇಟ್ಟುಕೊಳ್ಳೋಣ. ಟಿಪ್ಪಣಿಯ ಒಂದೊಂದು ಸಾಲೂ ನನ್ನ ದುಡಿಮೆಯೇ. ಅದಕ್ಕೆ ಕಾವಲು ಯಾಕಿಲ್ಲ? ಗೆಳೆಯ ಸುಮ್ಮನಾದ.

ಕಾಗದದ ಪುಸ್ತಕದ ಕಥೆಯೇ ಬೇರೆ. ಅಮೆರಿಕದಲ್ಲಿ ಒಬ್ಬ ಪ್ರಕಾಶಕ ತನ್ನ ಪುಸ್ತಕವನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಬಾರದು ಎಂದು ಒಳಗೇ ಅಚ್ಚು ಹಾಕಿಸಿದ್ದ. ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮರುಮಾರಾಟಕ್ಕೆ ಹಾಗೆ ಕಟ್ಟು ಹಾಕಲಾಗದು ಎಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದೇ ದೇಶದ ಇನ್ನೊಂದು ಕೋರ್ಟು 2018ರಲ್ಲಿ, ಕೊಂಡ ಡಿಜಿಟಲ್ ಹಾಡನ್ನು ಮರುಮಾರಾಟ ಮಾಡಿಸುತ್ತಿದ್ದ ಸೇವೆಗೆ ಆ ಮರುಮಾರಾಟದ ಹಕ್ಕು ಅನ್ವಯಿಸುವುದಿಲ್ಲ ಅಂದಿತು. ನೋಡಿ, ‘ನನ್ನದು’ ಎಲ್ಲಿ ಮುಗಿಯುತ್ತದೆ ಎಂಬ ಗೆರೆ ಎಳೆದದ್ದು ಕೋರ್ಟು, ಕಾನೂನು. ಕೃತಿಸ್ವಾಮ್ಯವೇ (ಕಾಪಿರೈಟ್) ಬೇಡ ಅನ್ನುವ ಲಿಬರ್ಟೇರಿಯನ್ನರೂ ಇದ್ದಾರೆ, ಬೇಕು ಅನ್ನುವವರೂ ಇದ್ದಾರೆ. ಹುಟ್ಟಿನಿಂದ ಬಂದ ಹಕ್ಕಾದರೆ ಅವರವರಲ್ಲೇ ಇಷ್ಟು ಜಗಳ ಯಾಕೆ? ಗೆರೆ ನಾವು ಎಳೆಯುವುದೇ ಆದರೆ, ಓದುಗರ ಕಡೆಗೂ ಸ್ವಲ್ಪ ಸರಿಸಿ ಎಳೆಯಬಹುದಲ್ಲ. ಕ್ಯಾಲಿಫೋರ್ನಿಯಾ ಅಷ್ಟಿಷ್ಟು ಮಾಡಿದೆ: ಬರೀ ಪರವಾನಗಿ ಕೊಡುವುದಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಅನ್ನುವಂತಿಲ್ಲ. 2025ರಿಂದ ಅಲ್ಲಿ ಇದು ಜಾರಿಯಲ್ಲಿದೆ.

ಒಮ್ಮೆ ಓದಿ ಮುಗಿಸುವ ಕಾದಂಬರಿಗಳಿಗೆ ಈ ಸೇವೆ ಧಾರಾಳವಾಗಿ ಸಾಕು. ಗೀಟು ಹಾಕಿ, ಪಕ್ಕದಲ್ಲಿ ಬರೆದು ಓದುವವರು ಟಿಪ್ಪಣಿಗಳನ್ನು ವಾರಕ್ಕೊಮ್ಮೆ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ನಾನೀಗ ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕಿಗೆ ಕೈಯಲ್ಲೇ ಬರೆದಿಡುತ್ತೇನೆ.