ಎಣಿಕೆಗೆ ಬರವಿಲ್ಲ, ಜಾಗಕ್ಕೇ ಬರ: ಇಂಗ್ಲೆಂಡಿನ ಟ್ರಾವೆಲರ್ ಸೈಟ್ ಸೇವೆಯ ಒಂದು ವಿಮರ್ಶೆ

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳ ಕಸ ವಿಲೇವಾರಿ, ಗ್ರಂಥಾಲಯ, ಬೀದಿದೀಪಗಳ ಬಗ್ಗೆ ಮೆಚ್ಚುಗೆಯೂ ದೂರೂ ಧಾರಾಳವಾಗಿ ಸಿಗುತ್ತವೆ. ಊರೂರು ಅಲೆದು ಬದುಕುವ ಪರಂಪರೆಯ ಜಿಪ್ಸಿ ಮತ್ತು ಟ್ರಾವೆಲರ್ ಸಮುದಾಯಗಳಿಗಾಗಿ ಜಾಗ ಗುರುತಿಸಿ, ಕ್ಯಾರವಾನ್ ನಿಲ್ಲಿಸಿ ವಾಸಿಸುವ ಸೈಟ್ ಕಟ್ಟಿ, ನಡೆಸುವುದೂ ಅಂಥದೇ ಒಂದು ಸೇವೆ; ಆದರೆ ಅದನ್ನು ಬಳಸುವವರ ಕಡೆಯಿಂದ ಅಳೆದು ನೋಡುವವರು ಕಡಿಮೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 71,440 ಮಂದಿ ತಮ್ಮನ್ನು ಜಿಪ್ಸಿ ಅಥವಾ ಐರಿಷ್ ಟ್ರಾವೆಲರ್ ಎಂದು ಬರೆಸಿಕೊಂಡಿದ್ದರು. ಅವರಲ್ಲಿ ಬಹುಪಾಲು ಜನ ಇಟ್ಟಿಗೆಯ ಮನೆಗಳಲ್ಲೇ ಇದ್ದಾರೆ. ಕ್ಯಾರವಾನ್‌ನಂಥ ಚಲಿಸುವ ಮನೆಗಳಲ್ಲಿರುವವರು ಸುಮಾರು ಐದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಬೇಡಿಕೆಯನ್ನು ಈ ಸೇವೆ ಪೂರೈಸಲಾರದೆ ಹೋಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಒಂದು ಕುಟುಂಬಕ್ಕೆ ಸಿಗುವ ಜಾಗಕ್ಕೆ ಇಲ್ಲಿ ಪಿಚ್ ಎನ್ನುತ್ತಾರೆ. ಹಲವು ಪಿಚ್‌ಗಳು ಸೇರಿ ಒಂದು ಸೈಟ್. 2008ರಲ್ಲಿ ಸರ್ಕಾರ ಪ್ರಕಟಿಸಿದ ವಿನ್ಯಾಸ ಮಾರ್ಗದರ್ಶಿಯ ಪ್ರಕಾರ ಒಂದು ಪಿಚ್‌ನಲ್ಲಿ ವಾಸಕ್ಕೆ ದೊಡ್ಡದೊಂದು ಟ್ರೈಲರ್, ಪ್ರಯಾಣಕ್ಕೆ ಬಳಸುವ ಕ್ಯಾರವಾನ್, ಎರಡು ವಾಹನ ನಿಲ್ಲಿಸುವಷ್ಟು ಜಾಗ, ಬಟ್ಟೆ ಒಣಹಾಕುವ ಸ್ಥಳ, ಬೀಗ ಹಾಕಬಹುದಾದ ಶೆಡ್, ಪುಟ್ಟ ಕೈತೋಟ, ಜೊತೆಗೆ ಅಡುಗೆ, ಸ್ನಾನ, ಶೌಚಕ್ಕೆಂದೇ ಒಂದು ಸಣ್ಣ ಕಟ್ಟಡ ಹಿಡಿಸಬೇಕು. ಬೆಂಕಿ ಹರಡದಂತೆ, ಬೇರೆ ಬೇರೆ ಕುಟುಂಬಗಳ ಕ್ಯಾರವಾನ್‌ಗಳ ನಡುವೆ ಕನಿಷ್ಠ 6 ಮೀಟರ್ ಅಂತರವಿರಬೇಕು. ಆ ಮಾರ್ಗದರ್ಶಿಯನ್ನು 2015ರಲ್ಲಿ ಹಿಂತೆಗೆದುಕೊಂಡದ್ದು ಅನವಶ್ಯಕ ನಷ್ಟ.

ಭೂಬಳಕೆ ಯೋಜನಾ ಕೆಲಸದ ನಿಮಿತ್ತ ನಾನು ನೋಡಿದ ದಕ್ಷಿಣ ಇಂಗ್ಲೆಂಡಿನ ಒಂದು ಸೈಟ್‌ನಲ್ಲಿ ಈ ಅಳತೆಗಳೆಲ್ಲವೂ ಸರಿಯಾಗಿದ್ದವು. ಆ ಸಣ್ಣ ಕಟ್ಟಡದಲ್ಲಿ ಶೌಚಾಲಯದ ಬಾಗಿಲು ಅಡುಗೆಯ ಜಾಗಕ್ಕೆ ನೇರವಾಗಿ ತೆರೆಯದೆ, ನಡುವೆ ಒಂದು ಕಿರುಹಾದಿ ಇತ್ತು. ಪಾತ್ರೆ ತೊಳೆಯುವ ಬೋಗುಣಿಯೇ ಬೇರೆ, ಕೈಕಾಲು ತೊಳೆಯುವುದೇ ಬೇರೆ; ಎರಡೂ ಪಕ್ಕಪಕ್ಕದಲ್ಲಿದ್ದರೂ ಒಂದರ ಕೆಲಸಕ್ಕೆ ಇನ್ನೊಂದು ಬರುವಂತಿಲ್ಲ. ನಮ್ಮ ಹಳೆಯ ಮನೆಗಳ ಮಡಿ-ಮೈಲಿಗೆಯನ್ನು ಬಲ್ಲವರಿಗೆ ಈ ಏರ್ಪಾಡು ವಿವರಿಸಬೇಕಾಗಿಲ್ಲ. ವಾಸಿಸುವ ಟ್ರೈಲರಿನೊಳಗೆ ಶೌಚಾಲಯವನ್ನು ಬಳಸುವುದು ಹಲವು ರೋಮಾನಿ (ಜಿಪ್ಸಿ) ಕುಟುಂಬಗಳಿಗೆ ಒಪ್ಪಿಗೆಯಾಗದ ಸಂಗತಿ ಎಂಬುದನ್ನು ಅರಿತೇ ಯಾರೋ ಆ ನಕ್ಷೆಯನ್ನು ಬರೆದಿದ್ದರು.

ಆದರೆ ಅದೇ ಸೈಟ್‌ನ ಒಂದು ಬದಿಗೆ ಹೆದ್ದಾರಿಯ ಕಟ್ಟೆ, ಇನ್ನೊಂದು ಬದಿಗೆ ಕೊಳಚೆ ನೀರು ಶುದ್ಧೀಕರಣ ಘಟಕ. ಹತ್ತಿರದ ಅಂಗಡಿಗೆ ಹೋಗಲು ಕಾಲುದಾರಿಯೇ ಇರಲಿಲ್ಲ. ಇದು ಅಪರೂಪದ ಉದಾಹರಣೆಯಲ್ಲ. ಲಂಡನ್ನಿನ ಸ್ಟೇಬಲ್ ವೇ ಸೈಟ್ 1970ರ ದಶಕದಿಂದಲೂ ವೆಸ್ಟ್‌ವೇ ಎಂಬ ಎತ್ತರದ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಸೈಟ್‌ನಲ್ಲಿ ವಾಸಿಸುವವರ ಆರೋಗ್ಯದ ಮೇಲೆ ಶಬ್ದ ಮತ್ತು ಗಾಳಿಯ ಗುಣಮಟ್ಟ ಬೀರುವ ಪರಿಣಾಮವನ್ನು ಪರಿಗಣಿಸಬೇಕೆಂದು ಸರ್ಕಾರದ ಯೋಜನಾ ನೀತಿ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೂ ಒಳ್ಳೆಯ ಜಾಗದ ಹೆಸರು ಕೌನ್ಸಿಲ್‌ನ ಸ್ಥಳೀಯ ಯೋಜನೆಯ ಕರಡಿನಲ್ಲಿ ಕಂಡ ಕೂಡಲೇ ಸುತ್ತಲಿನವರ ಆಕ್ಷೇಪಣೆಗಳು ರಾಶಿ ಬೀಳುತ್ತವೆ. ಕೊನೆಗೆ ಯಾರಿಗೂ ಬೇಡವಾದ ನೆಲವಷ್ಟೇ ಪಟ್ಟಿಯಲ್ಲಿ ಉಳಿಯುತ್ತದೆ.

ಈ ಸ್ಥಿತಿಗೆ ಬಂದ ದಾರಿ ಉದ್ದವಿದೆ. 1960ರ ಕ್ಯಾರವಾನ್ ಕಾಯ್ದೆಯು ಸಾರ್ವಜನಿಕ ಗೋಮಾಳಗಳಲ್ಲಿ ಬೀಡು ಬಿಡುವುದನ್ನು ತಡೆಯುವ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಟ್ಟಿತು, ಸೈಟ್ ಒದಗಿಸುವ ಅಧಿಕಾರವನ್ನೂ ಕೊಟ್ಟಿತು. ಹೆಚ್ಚಿನ ಕಡೆ ಬಳಕೆಗೆ ಬಂದದ್ದು ಮೊದಲನೆಯದು. 1968ರ ಕಾಯ್ದೆ ಸೈಟ್ ಒದಗಿಸುವುದನ್ನು ಕರ್ತವ್ಯವಾಗಿಸಿತು, ಮುನ್ನೂರಕ್ಕೂ ಹೆಚ್ಚು ಸೈಟ್‌ಗಳು ಎದ್ದವು, ಮತ್ತು 1994ರಲ್ಲಿ ಸಂಸತ್ತು ಆ ಕರ್ತವ್ಯವನ್ನೇ ತೆಗೆದುಹಾಕಿತು. ಉಳಿದದ್ದು ಎಣಿಕೆ. ಎಣಿಸುವುದರಲ್ಲಿ ಮಾತ್ರ ಈ ವ್ಯವಸ್ಥೆಯನ್ನು ಮೀರಿಸುವವರಿಲ್ಲ: 1979ರಿಂದ ಕ್ಯಾರವಾನ್ ಗಣತಿ ನಡೆಯುತ್ತಿದೆ, ಅದರ ಜೊತೆಗೆ ಕೌನ್ಸಿಲ್‌ಗಳು ಸಲಹಾ ಸಂಸ್ಥೆಗಳಿಗೆ ಹಣ ತೆತ್ತು ವಸತಿ ಅಗತ್ಯದ ಸಮೀಕ್ಷೆಯನ್ನು ಮಾಡಿಸುತ್ತವೆ.

ಆ ಎಣಿಕೆಯಲ್ಲೂ 2015ರಲ್ಲಿ ಒಂದು ತಿರುವು ಬಂತು. ಅಲೆದಾಟವನ್ನು ಶಾಶ್ವತವಾಗಿ ನಿಲ್ಲಿಸಿದವರು ಯೋಜನಾ ನೀತಿಯ ಮಟ್ಟಿಗೆ ಟ್ರಾವೆಲರ್ ಅಲ್ಲ ಎಂದು ಸರ್ಕಾರ ವ್ಯಾಖ್ಯೆಯನ್ನು ಬದಲಿಸಿದ್ದರಿಂದ, ವಯಸ್ಸಾದವರೂ ಕಾಯಿಲೆ ಬಿದ್ದವರೂ ಅಂಗವಿಕಲರೂ ಲೆಕ್ಕದಿಂದ ಹೊರಗುಳಿದರು ಮತ್ತು ಹಲವು ಕೌನ್ಸಿಲ್‌ಗಳ ಕಾಗದದಲ್ಲಿ ಅಗತ್ಯ ಒಮ್ಮೆಲೇ ಇಳಿದುಹೋಯಿತು. ನೆಲದ ಮೇಲೆ ಒಂದು ಕುಟುಂಬವೂ ಕಡಿಮೆಯಾಗಿರಲಿಲ್ಲ. ಜಿಪ್ಸಿ ಸಮುದಾಯದ ಲೀಸಾ ಸ್ಮಿತ್ ಹೂಡಿದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು 2022ರ ಅಕ್ಟೋಬರಿನಲ್ಲಿ ಈ ವ್ಯಾಖ್ಯೆ ತಾರತಮ್ಯದ್ದು ಎಂದಿತು. 2023ರ ಡಿಸೆಂಬರಿನಲ್ಲಿ ಹಳೆಯ ವ್ಯಾಖ್ಯೆ ಮರಳಿತು, ಒಂದು ವರ್ಷದ ನಂತರ ಅದನ್ನು ಇನ್ನಷ್ಟು ವಿಸ್ತರಿಸಲಾಯಿತು. ನಡುವಿನ ವರ್ಷಗಳಲ್ಲಿ ಆ ಇಳಿದ ಅಂಕಿಗಳ ಮೇಲೆ ನಿಂತ ಹಲವು ಸ್ಥಳೀಯ ಯೋಜನೆಗಳು ಮಾತ್ರ ಹಾಗೆಯೇ ಜಾರಿಯಲ್ಲಿವೆ.

ಕೌನ್ಸಿಲ್ ಜಾಗ ಕೊಡದಿದ್ದಾಗ ಕುಟುಂಬಗಳು ತಾವೇ ಹೊಲ ಕೊಳ್ಳುತ್ತವೆ, ಗಟ್ಟಿನೆಲ ಹಾಸುತ್ತವೆ, ಆಮೇಲೆ ಅನುಮತಿಗೆ ಅರ್ಜಿ ಹಾಕುತ್ತವೆ. ಅದು ನಗರದ ಸುತ್ತ ಕಟ್ಟಡಗಳನ್ನು ನಿರ್ಬಂಧಿಸಿದ ಗ್ರೀನ್ ಬೆಲ್ಟ್‌ನಲ್ಲಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಮೇಲ್ಮನವಿ ಹೋಗುತ್ತದೆ. ಐದು ವರ್ಷಕ್ಕೆ ಸಾಕಾಗುವಷ್ಟು ಸೈಟ್‌ಗಳನ್ನು ತೋರಿಸಬೇಕಾದ ಕೌನ್ಸಿಲ್ ಅದನ್ನು ತೋರಿಸಲಾಗದೆ ಮೇಲ್ಮನವಿ ಕೇಳುವ ಯೋಜನಾ ಇನ್ಸ್‌ಪೆಕ್ಟರ್ ಮುಂದೆ ನಿಲ್ಲುತ್ತದೆ. ಎಷ್ಟೋ ಕಡೆ ತಾತ್ಕಾಲಿಕ ಅನುಮತಿ ಸಿಗುತ್ತದೆ, ಅದು ಮುಗಿದಾಗ ಇಡೀ ನಾಟಕ ಮತ್ತೆ ಮೊದಲಿನಿಂದ. ಇದರ ಅತಿ ಕೆಟ್ಟ ರೂಪವನ್ನು 2011ರ ಅಕ್ಟೋಬರಿನಲ್ಲಿ ಎಸೆಕ್ಸ್‌ನ ಡೇಲ್ ಫಾರ್ಮ್‌ನಲ್ಲಿ ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು: ಸ್ವಂತ ನೆಲದಲ್ಲಿ ಅನುಮತಿಯಿಲ್ಲದೆ ನೆಲೆಸಿದ್ದ ಸುಮಾರು 80 ಕುಟುಂಬಗಳನ್ನು ಪೊಲೀಸ್ ಬಲದೊಂದಿಗೆ ಎಬ್ಬಿಸಲಾಯಿತು. ಪಕ್ಕದ ವೇಲ್ಸ್ ತನ್ನ 2014ರ ವಸತಿ ಕಾಯ್ದೆಯಲ್ಲಿ ಸೈಟ್ ಒದಗಿಸುವ ಕರ್ತವ್ಯವನ್ನು ಮತ್ತೆ ತಂದಿತು. ಇಂಗ್ಲೆಂಡಿಗೂ ಬೇಕಾಗಿರುವುದು ಅದೇ, ಹೊಸ ಸಮೀಕ್ಷೆಯಲ್ಲ.

ಸೈಟ್ ಸಿಕ್ಕವರ ಅನುಭವವೂ ಮಿಶ್ರವಾಗಿದೆ. ಕೌನ್ಸಿಲ್ ಸೈಟ್‌ಗಳಿಗೆ 2011ರಲ್ಲಿ ಮೊಬೈಲ್ ಹೋಮ್ಸ್ ಕಾಯ್ದೆಯ ರಕ್ಷಣೆ ವಿಸ್ತರಿಸಿದ್ದರಿಂದ ಕಾರಣವಿಲ್ಲದೆ ಎಬ್ಬಿಸುವಂತಿಲ್ಲ. ಇದಕ್ಕೆ ಪೂರ್ಣ ಅಂಕ ಕೊಡಬಹುದು. ವಿದ್ಯುತ್ತಿನ ವಿಷಯದಲ್ಲಿ ಅಂಕ ಕಳೆಯಲೇಬೇಕು. ಹಲವು ಸೈಟ್‌ಗಳಲ್ಲಿ ವಿದ್ಯುತ್ ಕಂಪನಿಯ ಸಂಪರ್ಕ ಸೈಟ್‌ಗೆ ಒಟ್ಟಾಗಿ ಇರುತ್ತದೆ, ನಿವಾಸಿಗಳು ಮುಂಗಡ ಹಣ ಕೊಟ್ಟು ಮ್ಯಾನೇಜರ್‌ನಿಂದಲೇ ಕೊಳ್ಳಬೇಕು. ಹೀಗಾಗಿ 2022ರ ಚಳಿಗಾಲದಲ್ಲಿ ಉಳಿದವರ ಬಿಲ್‌ಗೆ ಅಕ್ಟೋಬರಿನಿಂದಲೇ ಸೇರತೊಡಗಿದ 400 ಪೌಂಡ್ ಸರ್ಕಾರಿ ನೆರವಿಗೆ ಇವರು ಅರ್ಜಿ ಹಾಕಲು 2023ರ ಫೆಬ್ರವರಿ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಚಳಿಯ ಬಹುಭಾಗ ಮುಗಿದಿತ್ತು.

ಈ ಸೇವೆಯಲ್ಲಿ ಧೈರ್ಯವಾಗಿ ಶಿಫಾರಸು ಮಾಡಬಹುದಾದ ಭಾಗವೆಂದರೆ ಲೀಡ್ಸ್ ನಗರದ ‘ಮಾತುಕತೆಯ ತಂಗುವಿಕೆ’. ಲೀಡ್ಸ್ ಗೇಟ್ ಎಂಬ ಸಮುದಾಯ ಸಂಸ್ಥೆಯೊಂದಿಗೆ ಸೇರಿ ಅಲ್ಲಿನ ಕೌನ್ಸಿಲ್ ರೂಪಿಸಿದ ಈ ಕ್ರಮದಲ್ಲಿ, ಹಾದುಹೋಗುವ ಕುಟುಂಬಗಳನ್ನು ನೇರವಾಗಿ ಎಬ್ಬಿಸುವ ಬದಲು ಇಂಥ ಜಾಗದಲ್ಲಿ ಇಂತಿಷ್ಟು ಕಾಲ ಇರಬಹುದೆಂದು ಒಪ್ಪಂದವಾಗುತ್ತದೆ. ಕೌನ್ಸಿಲ್ ಶೌಚಾಲಯ ಮತ್ತು ಕಸದ ವ್ಯವಸ್ಥೆ ಮಾಡುತ್ತದೆ, ಕುಟುಂಬಗಳು ಜಾಗವನ್ನು ಶುಚಿಯಾಗಿಡಲು ಒಪ್ಪುತ್ತವೆ. ಪದೇ ಪದೇ ನ್ಯಾಯಾಲಯಕ್ಕೆ ಹೋಗಿ, ಆಮೇಲೆ ಕಸ ಬಳಿದು ಖರ್ಚು ಮಾಡುವುದಕ್ಕಿಂತ ಇದು ಅಗ್ಗ. ಶಾಶ್ವತ ಸೈಟ್‌ಗೆ ಇದು ಬದಲಿಯಲ್ಲ. ತನ್ನ ಊರಿನ ಕೌನ್ಸಿಲ್ ಸಭೆಯಲ್ಲಿ ಸೈಟ್ ವಿಷಯ ಚರ್ಚೆಗೆ ಬಂದಾಗ ಆಕ್ಷೇಪಣೆಯ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆಯುವ ಕನ್ನಡಿಗ ನೆರೆಯವರೂ ಇಲ್ಲಿ ಕೆಲವರಿದ್ದಾರೆ. ಸಹಿಗೆ ಮುನ್ನ ಆ ಕೌನ್ಸಿಲ್‌ನ ಐದು ವರ್ಷದ ಪೂರೈಕೆಯ ಅಂಕಿಯನ್ನು ಒಮ್ಮೆ ಕೇಳಿ ನೋಡಲಿ.