ಒಂದೂವರೆ ಟನ್ ಪಿಕಪ್, ನಾಲ್ಕು ವರ್ಷ: ಇಂಜಿನ್ ಓಕೆ, ಅದರ ಹಿಂದಿರುವುದರದ್ದೇ ತಲೆನೋವು

2021ರಲ್ಲಿ ತೆಗೆದುಕೊಂಡ ಗಾಡಿ. ಮೀಟರ್ ಈಗ 1,62,000 ಕಿ.ಮೀ. ದಾಟಿದೆ. ಶ್ರೀನಿವಾಸಪುರದ ಸುತ್ತಮುತ್ತಲ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ, ವಾರಕ್ಕೆ ಎರಡು ಟ್ರಿಪ್ ಚೆನ್ನೈನ ಕೋಯಂಬೇಡು ಮಾರ್ಕೆಟ್‌ಗೆ. ಮೇ ಬಂದರೆ ಮಾವು. ಕಂಪನಿ ಹೆಸರು ಬೇಡ ಬಿಡಿ. ಈ ಸೈಜಿನ ಪಿಕಪ್ ಇಟ್ಟುಕೊಂಡವರನ್ನು ಮಂಡಿ ಮುಂದೆ ಮಾತಾಡಿಸಿದರೆ ಹೆಚ್ಚುಕಮ್ಮಿ ಎಲ್ಲರೂ ಇದನ್ನೇ ಹೇಳುತ್ತಾರೆ.

ಇಂಜಿನ್ ಬಗ್ಗೆ ದೂರಿಲ್ಲ. ಆಯಿಲ್, ಫಿಲ್ಟರ್ ಬಿಟ್ಟು ಏನೂ ಕೇಳಿಲ್ಲ. ಗೋಳೆಲ್ಲ ಅದರ ಹಿಂದೆ ಬರುವ ಕ್ಲಚ್, ಗೇರ್ ಬಾಕ್ಸ್, ಜಾಯಿಂಟ್ (ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ತಿರುಗುವ ಉದ್ದ ಶಾಫ್ಟ್), ಹೌಸಿಂಗ್‌ನದ್ದು (ಹಿಂದಿನ ಚಕ್ರಗಳ ನಡುವಿನ ಗೇರುಗಳ ಗೂಡು).

ಕ್ಲಚ್ ಪ್ಲೇಟ್ 58,000 ಕಿ.ಮೀ.ಗೆ ಹೋಯಿತು. ಸವೆಯುವ ಸಾಮಾನು, ವಾರಂಟಿಯಲ್ಲಿ ಬರಲ್ಲ ಅಂದರು. ಹೊರಗಡೆ ಹಾಕಿಸಿದೆ. ಸೀಸನ್ನಿನಲ್ಲಿ ಎಪಿಎಂಸಿ ಗೇಟಿನಿಂದ ಮಂಡಿ ತಲುಪುವಷ್ಟರಲ್ಲಿ ಹಾಫ್ ಕ್ಲಚ್ ಒತ್ತಿ ಒತ್ತಿ ಕಾಲೇ ಮರಗಟ್ಟುತ್ತದೆ, ಪ್ಲೇಟಿನ ಪಾಡೇನು? ಲೋಡಿನ ವಿಷಯದಲ್ಲಿ ನನ್ನದೂ ತಪ್ಪಿದೆ. ಬಾಕ್ಸಿಗೆ 15 ಕೆಜಿ, ನೂರು ಬಾಕ್ಸಿಗೆ 1,500 ಕೆಜಿ, ಸರಿಯಾಯ್ತಲ್ಲ ಅಂದುಕೊಂಡಿದ್ದೆ. ಖಾಲಿ ಬಾಕ್ಸಿನ ತೂಕ ಲೆಕ್ಕಕ್ಕೇ ಹಿಡಿದಿರಲಿಲ್ಲ. 120 ಹಾಕಿದ ದಿನಗಳೂ ಇವೆ.

ಆಮೇಲೆ ಶುರುವಾಯಿತು ನಡುಕ. ಲೋಡ್ ಇದ್ದಾಗ ಫಸ್ಟ್ ಗೇರಿನಲ್ಲಿ ಎತ್ತಿದರೆ ಸೀಟಿನ ಕೆಳಗೆ ದಡದಡ. ಇಪ್ಪತ್ತು ಸ್ಪೀಡ್ ದಾಟಿದರೆ ಮಾಯ. ಶೋರೂಮ್‌ಗೆ ಮೂರು ಸಲ ಹೋದೆ. ಮೂರು ಸಲವೂ ಖಾಲಿ ಗಾಡಿ ಓಡಿಸಿ ನೋಡಿ "ಏನೂ ಇಲ್ವಲ್ಲ ಸಾರ್" ಅಂದರು. ಖಾಲಿ ಗಾಡಿಯಲ್ಲಿ ಎಲ್ಲಿಂದ ಬರಬೇಕು! ಭಾರ ಬಿದ್ದರೆ ತಾನೇ ಕಮಾನು ಪಟ್ಟಿ ಕೂತು, ಜಾಯಿಂಟಿನ ಕೋನ ಬದಲಾಗೋದು? ನಾಲ್ಕನೇ ಸಲ 90 ಬಾಕ್ಸ್ ಸಮೇತ ಹೋಗಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದೆ. ಜಾಯಿಂಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿತ್ತು. 1,400 ರೂಪಾಯಿ ಸಾಮಾನಿಗೆ ಎರಡು ತಿಂಗಳು ಅಲೆದಾಟ.

ಗೇರ್ ಬಾಕ್ಸ್ ಕೈಕೊಟ್ಟಿದ್ದು 2023ರ ಜುಲೈನಲ್ಲಿ. ನೆನಪಿದೆಯಲ್ಲ, ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಗಾಡಿಗೆ ಪುರುಸೊತ್ತೇ ಇರಲಿಲ್ಲ. ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಮೂರರಿಂದ ಎರಡಕ್ಕೆ ಹಾಕಿದೆ, ಕರ್ರ್ ಅಂತ ಕಿರುಚಿತೇ ಹೊರತು ಗೇರ್ ಬೀಳಲಿಲ್ಲ. ಮುಂದೆ ಕಂಟೇನರ್, ಬೆನ್ನ ಹಿಂದೆ ಯಾರದೋ ಎರಡು ಲಕ್ಷದ ಮಾಲು. ಬ್ರೇಕ್ ಮೇಲೆ ನಿಂತುಕೊಂಡೇ ಇಳಿದೆ.

ವಾಪಸ್ ಬಂದು ಪರಿಚಯದ ಮೆಕ್ಯಾನಿಕ್ ಭಾಯ್ ಹತ್ತಿರ ಬಿಟ್ಟೆ. ಡ್ರೈನ್ ಬೋಲ್ಟ್ ಬಿಚ್ಚಿ, ಅರ್ಧ ಕತ್ತರಿಸಿದ ಕ್ಯಾನಿಗೆ ಆಯಿಲ್ ಇಳಿಸಿದರು. ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತೆ ಅಂಟಿತ್ತು. ಅದನ್ನು ಒರೆಸಿ ಪಕ್ಕಕ್ಕಿಟ್ಟು ಕ್ಯಾನನ್ನು ಬಿಸಿಲಿಗೆ ಹಿಡಿದರು. ಆಯಿಲಿನ ಒಳಗೆ ಹಳದಿ ಪುಡಿ ಸುತ್ತುತ್ತಾ ಮಿನುಗುತ್ತಿತ್ತು. "ಹಿತ್ತಾಳೆ ಅಣ್ಣಾ. ಆಯಸ್ಕಾಂತಕ್ಕೆ ಸಿಗಲ್ಲ ಇದು. ಸಿಂಕ್ರೋ ರಿಂಗ್ ತೇದುಹೋಗಿದೆ. ಹೌಸಿಂಗ್ ಆಯಿಲ್ ಇದಕ್ಕೆ ಯಾರು ಹಾಕಿದ್ದು?"

ಸಿಂಕ್ರೋ ರಿಂಗ್ ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಬಳೆ. ಕ್ಲಚ್ ಹಾಕಿದವರು ಸುಮ್ನೆ ಒಂದೇ ಡಬ್ಬದಿಂದ ಗೇರ್ ಬಾಕ್ಸ್, ಹೌಸಿಂಗ್ ಎರಡಕ್ಕೂ ಸುರಿದಿದ್ದರು. ಡಬ್ಬದ ಮೇಲೆ 80ಡಬ್ಲ್ಯು-90 (ಆಯಿಲ್ ಎಷ್ಟು ಮಂದ ಅನ್ನೋದು) ಅಂತ ಎರಡು ಆಯಿಲಿಗೂ ಇರುತ್ತದೆ, ಅದರ ಪಕ್ಕ ದರ್ಜೆ ಜಿಎಲ್-4ಓ ಜಿಎಲ್-5ಓ ನೋಡಬೇಕು. ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿಕ್ಕುವುದರಿಂದ ಅಲ್ಲಿಗೆ ಗಂಧಕ, ರಂಜಕ ಜಾಸ್ತಿ ಇರುವ ಜಿಎಲ್-5 ಬೇಕು. ಹಿತ್ತಾಳೆ ರಿಂಗಿಗೆ ಅದೇ ಎಷ್ಟೋ ಸಲ ಆಗಿಬರಲ್ಲ. ನಿಮ್ಮ ಗಾಡಿಗೆ ಯಾವುದು ಅಂತ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ನಾನು ಅದನ್ನು ಓದಿದ್ದು 18,500 ರೂಪಾಯಿ ಬಿಲ್ ಕಟ್ಟಿದ ಮೇಲೆ. ಐದು ದಿನದ ಬಾಡಿಗೆ ಬೇರೆ ಹೋಯಿತು.

1.2 ಲಕ್ಷ ಕಿ.ಮೀ. ಆದಾಗಿನಿಂದ ಹೌಸಿಂಗ್ ಗುಂಯ್ ಅನ್ನುತ್ತಿದೆ, ಅರವತ್ತು-ಎಪ್ಪತ್ತರ ಸ್ಪೀಡಿನಲ್ಲಿ ಮಾತ್ರ. ಶೋರೂಮ್‌ನವರು ನಾರ್ಮಲ್ ಅಂದರು. ಸೀಲ್ ಬದಲಾಯಿಸಿ ಆಯಿಲ್ ಸರಿಮಾಡಿಸಿದೆ. ಸದ್ದು ಹೋಗಿಲ್ಲ, ಜಾಸ್ತಿಯೂ ಆಗಿಲ್ಲ.

ಗಾಡಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ, ಸರ್ವಿಸ್‌ಗೆ ಒಂದೂವರೆ. ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಲೋಡ್ ಹಾಕದೆ ಟ್ರಯಲ್ ನೋಡಬೇಡಿ. ಫಸ್ಟಿನಿಂದ ರಿವರ್ಸ್‌ಗೆ ಹಾಕಿ ಕ್ಲಚ್ ಬಿಡುವಾಗ ಕೆಳಗೆ ಟಕ್ ಅನ್ನುತ್ತದಾ ಕೇಳಿಸಿಕೊಳ್ಳಿ. ನನ್ನದು ಹೋದ ವಾರದಿಂದ ಅನ್ನುತ್ತಿದೆ. ಜಾಯಿಂಟಿನ ಕ್ರಾಸ್ (ಶಾಫ್ಟ್ ಮಡಚುವ ಕಡೆ ಇರುವ ಕೂಡು ಆಕಾರದ ಸಾಮಾನು) ಇರಬೇಕು, ಮಾವು ಶುರುವಾಗುವ ಮುಂಚೆ ಬಿಚ್ಚಿಸಬೇಕು.