ಕಂಪ್ಯೂಟರ್ ಡಬ್ಬಿಯ ಜೊತೆಗೇ ಪವರ್ ಸಪ್ಲೈ, ಕೂಲರ್ ಬಂದರೆ ಲಾಭವೇ? ಮೂರು ಡಬ್ಬಿ ಬಳಸಿ ನೋಡಿದೆ

ನಮ್ಮ ಮನೆಯ ಕಂಪ್ಯೂಟರ್ ಟೇಬಲ್ ತುಂಬ ಚಿಕ್ಕದು. ಮಾನಿಟರ್, ಕೀಬೋರ್ಡ್, ಮಗಳ ಪೆನ್ಸಿಲ್ ಡಬ್ಬಿ, ಒಂದು ಲೋಟ ಕಾಫಿ ಇಟ್ಟರೆ ಉಳಿಯುವುದು ಒಂದು ಗೇಣು ಜಾಗ. ಹಳೇ ಟವರ್, ಅಂದರೆ ಕಂಪ್ಯೂಟರಿನ ದೊಡ್ಡ ಡಬ್ಬಿ, ನೆಲದ ಮೇಲಿತ್ತು. ಬೆಂಗಳೂರಿನ ಧೂಳೆಲ್ಲ ಅದರೊಳಗೇ ಸೇರುತ್ತಿತ್ತು. ಕಸ ಗುಡಿಸುವಾಗ ಪೊರಕೆ ತಾಗಿ ಎರಡು ಸಲ ಆಫ್ ಕೂಡ ಆಯಿತು. ಆಗ ಶುರುವಾಯಿತು ಚಿಕ್ಕ ಡಬ್ಬಿಯ ಹುಚ್ಚು.

ಹುಡುಕಲು ಕೂತರೆ ಎರಡು ದಾರಿ ಕಾಣುತ್ತವೆ. ಒಂದು, ಖಾಲಿ ಡಬ್ಬಿ ತಂದು ಪವರ್ ಸಪ್ಲೈ, ಕೂಲರ್ ಎಲ್ಲ ನಾವೇ ಆರಿಸಿ ಹಾಕುವುದು. ಇನ್ನೊಂದು, ಕಂಪನಿಯವರೇ ಪವರ್ ಸಪ್ಲೈ, ಲಿಕ್ವಿಡ್ ಕೂಲರ್ (ದ್ರವ ಹರಿಸಿ ಪ್ರಾಸೆಸರ್ ತಂಪಾಗಿಡುವುದು), ರೈಸರ್ ಕೇಬಲ್ (ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಸೇರಿಸುವುದು) ಎಲ್ಲ ಜೋಡಿಸಿ ಕೊಡುವ ಡಬ್ಬಿ, ಅಂದರೆ ಬಂಡಲ್, ಕೊಳ್ಳುವುದು. ಹೋಟೆಲ್‌ನಲ್ಲಿ ಫುಲ್ ಮೀಲ್ಸ್ ಹೇಳಿದ ಹಾಗೆ. ಎಲ್ಲ ಬರುತ್ತೆ, ನಿಮಗೆ ಹಾಗಲಕಾಯಿ ಪಲ್ಯ ಬೇಡವಾದರೂ ಬರುತ್ತೆ.

ನನಗೆ ಸಿಕ್ಕ ಅದೃಷ್ಟ ಏನೆಂದರೆ, ಒಂದೇ ಬೋರ್ಡ್, ಒಂದೇ ಪ್ರಾಸೆಸರ್, ಒಂದೇ ಗ್ರಾಫಿಕ್ಸ್ ಕಾರ್ಡನ್ನು ಮೂರು ಡಬ್ಬಿಗಳಿಗೆ ಹಾಕಿ ನೋಡುವ ಅವಕಾಶ. ನಾನು ಕೊಂಡಿದ್ದು ಕೂಲರ್ ಮಾಸ್ಟರ್ ಎನ್‌ಆರ್200ಪಿ ಮ್ಯಾಕ್ಸ್. ತಮ್ಮನದು ಅದೇ ವಂಶದ ಖಾಲಿ ಡಬ್ಬಿ, ಬರೀ ಎನ್‌ಆರ್200ಪಿ. ಗೆಳೆಯನೊಬ್ಬ ಕೆಲಸದ ಮೇಲೆ ಎರಡು ತಿಂಗಳು ಹೊರದೇಶಕ್ಕೆ ಹೋಗುವಾಗ ತನ್ನ ಎನ್‌ಝಡ್‌ಎಕ್ಸ್‌ಟಿ ಎಚ್1 ವಿ2 ಅನ್ನು ನಮ್ಮ ಮನೆಯಲ್ಲಿಟ್ಟ. "ಬಿಚ್ಚು, ಆದರೆ ಮೊದಲಿದ್ದ ಹಾಗೇ ಜೋಡಿಸಿಡು" ಎಂದ. ಅಷ್ಟು ಸಾಕಲ್ವಾ?

ಒಳಗೆ ಹಾಕಿದ್ದು ಬಿ550 ಚಿಪ್‌ಸೆಟ್‌ನ ಮಿನಿ ಐಟಿಎಕ್ಸ್ ಬೋರ್ಡ್, ರೈಜೆನ್ 7 5800ಎಕ್ಸ್ ಪ್ರಾಸೆಸರ್, ಎರಡು ಸ್ಲಾಟ್ ದಪ್ಪದ ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್. ಮಿನಿ ಐಟಿಎಕ್ಸ್ ಅಂದರೆ 170 ಎಂಎಂ ಚೌಕದ ಬೋರ್ಡ್. 2001ರಲ್ಲಿ ವಿಐಎ ಕಂಪನಿ ತಂದ ಅಳತೆ, ಇವತ್ತಿಗೂ ಬದಲಾಗಿಲ್ಲ. ಅದಕ್ಕೇ ಈ ಡಬ್ಬಿಯಿಂದ ಆ ಡಬ್ಬಿಗೆ ದಾಟಿಸಲು ಸಾಧ್ಯವಾಗಿದ್ದು. 5800ಎಕ್ಸ್ ಸ್ವಲ್ಪ ಬಿಸಿ ಸ್ವಭಾವದ್ದು. ಕಾಗದದಲ್ಲಿ 105 ವ್ಯಾಟ್, ಮೈಬಗ್ಗಿಸಿ ದುಡಿಯುವಾಗ 142 ವ್ಯಾಟ್‌ವರೆಗೆ ಎಳೆಯುತ್ತದೆ. ಕಾರ್ಡ್ 220 ವ್ಯಾಟ್. ಚಿಕ್ಕ ಡಬ್ಬಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾಗಿಲ್ಲ.

ಮೊದಲು ತಮ್ಮನ ಖಾಲಿ ಡಬ್ಬಿಯ ಕತೆ. ಯಾಕೆಂದರೆ ಬಂಡಲ್‌ನ ಬೆಲೆ ಏನು ಅಂತ ಗೊತ್ತಾಗುವುದು ಅದಿಲ್ಲದೆ ಒದ್ದಾಡಿದಾಗ.

18 ಲೀಟರ್ ಚಿಲ್ಲರೆ ಗಾತ್ರದ ಡಬ್ಬಿ. ಇದಕ್ಕೆ ಸಾಮಾನ್ಯ ಎಟಿಎಕ್ಸ್ ಪವರ್ ಸಪ್ಲೈ ಹಿಡಿಸುವುದಿಲ್ಲ, ಎಸ್‌ಎಫ್‌ಎಕ್ಸ್ ಬೇಕು. ಅಂದರೆ 125 ಎಂಎಂ ಅಗಲ, 100 ಎಂಎಂ ಉದ್ದ, 63.5 ಎಂಎಂ ದಪ್ಪದ ಪುಟ್ಟ ಇಟ್ಟಿಗೆ. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಎಸ್‌ಎಫ್‌ಎಕ್ಸ್ ಎಂದರೆ "ಚಿಕ್ಕದಾ? ಇದೆ" ಎಂದು ತಂದುಕೊಟ್ಟದ್ದು ಉದ್ದ ಕಡಿಮೆ ಇರುವ ಎಟಿಎಕ್ಸ್! ನಾನು ಟೇಪ್ ಹಿಡಿದು ಅಳೆದದ್ದು ನೋಡಿ ಅವರಿಗೆ ಸ್ವಲ್ಪ ಬೇಜಾರೇ ಆಯಿತು. ಮೂರನೇ ಅಂಗಡಿಯಲ್ಲಿ 650 ವ್ಯಾಟ್‌ನ ಸರಿಯಾದ್ದು ಸಿಕ್ಕಿತು.

ಕೂಲರ್‌ನದು ಇನ್ನೊಂದು ಪಾಡು. ತಮ್ಮ ಕಣ್ಣಿಟ್ಟಿದ್ದ ಕೂಲರ್ 158 ಎಂಎಂ ಎತ್ತರ. ಡಬ್ಬಿ ಒಪ್ಪುವುದು 155. ಮೂರೇ ಮೂರು ಎಂಎಂ. "ಸ್ವಲ್ಪ ಒತ್ತಿದರೆ ಆಗುತ್ತೆ" ಎಂದ. ಆಗಲ್ಲ ಕಣೋ ಎಂದು ಬೈದು, 125 ಎಂಎಂ ಎತ್ತರದ ನಾಕ್ಟುವಾ ಎನ್‌ಎಚ್-ಯು9ಎಸ್ ಹಾಕಿಸಿದೆ.

ಜೋಡಿಸಲು ಕೂತಿದ್ದು ಶನಿವಾರ ಸಂಜೆ ಐದಕ್ಕೆ. ಎದ್ದಿದ್ದು ಹತ್ತೂವರೆಗೆ. ಈ ಡಬ್ಬಿಯಲ್ಲಿ ಪವರ್ ಸಪ್ಲೈ ಮುಂಭಾಗದಲ್ಲಿ ಕೂರುತ್ತದೆ, ಹಿಂದಿನ ಪ್ಲಗ್‌ನಿಂದ ಒಳಗೇ ಒಂದು ವೈರ್ ಅಲ್ಲಿವರೆಗೆ ಬರುತ್ತದೆ. ಆ ವೈರ್, 24 ಪಿನ್‌ನ ದಪ್ಪ ಕೇಬಲ್, ಕಾರ್ಡಿನ ಎರಡು ಕೇಬಲ್, ಎಲ್ಲ ಒಂದು ಮುಷ್ಟಿ ಜಾಗದಲ್ಲಿ. 24 ಪಿನ್ ಕೇಬಲ್ ಮಾಮೂಲಿ ಡಬ್ಬಿಗೆ ಹೊಂದುವಷ್ಟು ಉದ್ದ. ಇಲ್ಲಿ ಅದನ್ನು ಹಾವಾಡಿಗನ ಬುಟ್ಟಿಯ ಹಾವಿನ ಥರ ಸುತ್ತಿ, ಕಾರ್ಡಿನ ಫ್ಯಾನಿಗೆ ತಾಗದ ಹಾಗೆ ಟೈ ಹಾಕಬೇಕು. ನಡುವೆ ಎಂ.2 ಡ್ರೈವಿನ (ಬೋರ್ಡಿನ ಮೇಲೇ ಕೂರುವ ಸ್ಟೋರೇಜ್) ಸ್ಕ್ರೂ ಬಿತ್ತು. ಮೊಬೈಲ್ ಟಾರ್ಚ್ ಬಿಟ್ಟು ಮನೆಯವರೆಲ್ಲ ಹುಡುಕಿದೆವು. ಸಿಕ್ಕಿದ್ದು ತಮ್ಮನ ಲುಂಗಿಯ ಮಡಿಕೆಯಲ್ಲಿ.

ಈಗ ಮ್ಯಾಕ್ಸ್‌ಗೆ ಬರೋಣ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೇ ಇವೆ. ಒಳಗೆ 850 ವ್ಯಾಟ್‌ನ ಗೋಲ್ಡ್ ದರ್ಜೆಯ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ, 280 ಎಂಎಂ ರೇಡಿಯೇಟರ್‌ನ (ದ್ರವದ ಬಿಸಿ ಹೊರಹಾಕುವ ಭಾಗ) ಲಿಕ್ವಿಡ್ ಕೂಲರ್, ಪಿಸಿಐಇ 4.0 (ಕಾರ್ಡು ಬೋರ್ಡಿನ ನಡುವಿನ ಸಂಪರ್ಕದ ಪೀಳಿಗೆ) ರೈಸರ್ ಎಲ್ಲ ಕೂತೇ ಬರುತ್ತವೆ. ಪ್ಯಾನೆಲ್ ತೆಗೆದಾಗ ನನಗೆ ಮೊದಲು ಕಂಡಿದ್ದು ರೇಡಿಯೇಟರ್ ಅಲ್ಲ, ವೈರ್‌ಗಳು. ಎಲ್ಲಿ ಬಾಗಬೇಕೋ ಅಲ್ಲೇ ಬಾಗಿವೆ. ಕೂಲರ್‌ನ ಎರಡು ಟ್ಯೂಬ್‌ಗಳು ಬೋರ್ಡಿನ ಮೇಲೆ ಅಳತೆ ತೆಗೆದು ಹೊಲಿಸಿದ ರವಿಕೆಯಂತೆ ಬಂದು ಕೂರುತ್ತವೆ. ಬೋರ್ಡ್ ಇಳಿಸಿದೆ, ಪ್ರಾಸೆಸರ್ ಮೇಲೆ ಪೇಸ್ಟ್ ಹಚ್ಚಿ ಪಂಪ್ ಕೂರಿಸಿದೆ, ಕಾರ್ಡನ್ನು ರೈಸರ್‌ಗೆ ಸಿಕ್ಕಿಸಿದೆ. ಒಂದೂವರೆ ಗಂಟೆ. ಅದರಲ್ಲೂ ಕಾಲು ಗಂಟೆ ಕಾಫಿಗೆ ಹೋಯಿತು.

ಜನ ಬಂಡಲ್‌ನ ಬೆಲೆ ಲೆಕ್ಕ ಹಾಕುವಾಗ ತಪ್ಪುವುದು ಇಲ್ಲೇ ಅಂತ ನನಗನಿಸುತ್ತೆ. ಪವರ್ ಸಪ್ಲೈಗೆ ಇಷ್ಟು, ಕೂಲರ್‌ಗೆ ಇಷ್ಟು, ರೈಸರ್‌ಗೆ ಇಷ್ಟು ಎಂದು ಕೂಡಿಸಿ "ಬಿಡಿಯಾಗಿ ಕೊಂಡರೆ ಜಾಸ್ತಿ ಆಗುತ್ತೆ, ಬಂಡಲ್ ಲಾಭ" ಅನ್ನುತ್ತಾರೆ. ಅದು ಎಲ್ಲವೂ ಬೇಕಿದ್ದವರ ಲೆಕ್ಕ. ತಮ್ಮನಿಗೆ ರೈಸರ್ ಬೇಡ, 850 ವ್ಯಾಟೂ ಬೇಡ. ಅವನ ಬಿಡಿ ಲೆಕ್ಕ ಕಡಿಮೆಗೇ ಮುಗಿಯಿತು. ಬಂಡಲ್‌ನಲ್ಲಿ ನಿಜವಾಗಿ ದುಡ್ಡು ಕೊಡುವುದು ಆ ವೈರ್‌ಗಳ ಅಳತೆಗೆ, ಹೊಂದುತ್ತೋ ಇಲ್ಲವೋ ಎಂಬ ಚಿಂತೆ ಇಲ್ಲದಿರುವುದಕ್ಕೆ.

850 ವ್ಯಾಟ್ ವಿಷಯಕ್ಕೆ ಒಂದು ಮಾತು. ಅಷ್ಟು ದೊಡ್ಡದು ಅಂದರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ ಎಂದು ಮನೆಯಲ್ಲಿ ಕೇಳಿದರು. ಬರಲ್ಲ. ಒಳಗಿನ ಸಾಮಾನು ಎಷ್ಟು ಕೇಳುತ್ತೋ ಅಷ್ಟೇ ಎಳೆಯುವುದು. ನನ್ನ ಮಷೀನ್ ಎಷ್ಟೇ ಒದ್ದಾಡಿದರೂ 450 ವ್ಯಾಟ್ ಆಸುಪಾಸು. ಆದರೆ ಹಳೇ 600 ವಿಎ ಯುಪಿಎಸ್ ಮಾತ್ರ ಇದಕ್ಕೆ ಸಾಲಲಿಲ್ಲ, ಅದು 360 ವ್ಯಾಟ್‌ಗೇ ಕೈ ಎತ್ತುವಂಥದ್ದು. ರೆಂಡರ್ (3ಡಿ ಚಿತ್ರ ತಯಾರಿಸುವ ಭಾರಿ ಕೆಲಸ) ನಡುವೆ ಕರೆಂಟ್ ಹೋಯಿತು, ಯುಪಿಎಸ್ ಒಂದು ಸಲ ಕೂಗಿ ಸತ್ತೇಹೋಯಿತು. ಡಬ್ಬಿಯ ಬಜೆಟ್ ಹಾಕುವಾಗ ಯುಪಿಎಸ್ ಸೇರಿಸಿಕೊಳ್ಳಿ. ನಾನು ಸೇರಿಸಿರಲಿಲ್ಲ.

ಎಚ್1 ವಿ2 ಬೇರೆಯೇ ಜಾತಿ. ನಿಂತ ಕಂಬದ ಹಾಗಿದೆ. ಕೆಳಗೆ 196 ಎಂಎಂ ಚೌಕ, ಎತ್ತರ 405. ನನ್ನ ಆ ಒಂದು ಗೇಣು ಜಾಗಕ್ಕೆ ನಿಜವಾಗಿ ಸೊಗಸಾಗಿ ಕೂತಿದ್ದು ಇದೊಂದೇ. ಮ್ಯಾಕ್ಸ್ ಅಗಲ ಕಡಿಮೆಯೇ, ಆದರೆ ಹಿಂದಕ್ಕೆ ಉದ್ದ ಇದೆ, ಗೋಡೆಗೆ ತಾಗುತ್ತೆ. ಎಚ್1ರಲ್ಲಿ 750 ವ್ಯಾಟ್ ಎಸ್‌ಎಫ್‌ಎಕ್ಸ್, 140 ಎಂಎಂನ ಲಿಕ್ವಿಡ್ ಕೂಲರ್, ಪಿಸಿಐಇ 4.0 ರೈಸರ್. ಬೋರ್ಡಿನ ಪೋರ್ಟ್‌ಗಳು ಕೆಳಮುಖ. ಹಾಗಾಗಿ ವೈರ್‌ಗಳೆಲ್ಲ ಬುಡದಿಂದ ಹೊರಬರುತ್ತವೆ. ನೋಡಲು ಚೆಂದ. ಆದರೆ ಒಂದು ಪೆನ್‌ಡ್ರೈವ್ ಹಿಂದೆ ಸಿಕ್ಕಿಸಬೇಕಾದರೂ ಡಬ್ಬಿಯನ್ನು ಎತ್ತಿ ವಾಲಿಸಬೇಕು. ವಾರಕ್ಕೆ ನಾಲ್ಕು ಸಲ ಆಡಿಯೋ ಇಂಟರ್‌ಫೇಸ್ ಬದಲಿಸುವ ನನ್ನಂಥವನಿಗೆ ಅದು ಆಗಿಬರಲ್ಲ. ಕಾರ್ಡಿನ ದಪ್ಪಕ್ಕೂ ಮಿತಿ ಇದೆ, 58 ಎಂಎಂ. ಈಗಿನ ಮೂರು ಮೂರೂವರೆ ಸ್ಲಾಟ್‌ನ ಕಾರ್ಡ್‌ಗಳನ್ನು ಮರೆತುಬಿಡಿ.

ಹಳೇ ಎಚ್1 ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಹುಷಾರು. 2020ರಲ್ಲಿ ಬಂದ ಆ ಮೊದಲ ಮಾದರಿಯಲ್ಲಿ ರೈಸರ್ ಬೋರ್ಡನ್ನು ಬಿಗಿಯುವ ಲೋಹದ ಸ್ಕ್ರೂ 12 ವೋಲ್ಟ್ ಪದರಕ್ಕೆ ತಾಗಿ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿತ್ತು. ಮೊದಲು ನೈಲಾನ್ ಸ್ಕ್ರೂ ಕಳಿಸಿದರು, ಅದು ಸಾಲದೆ 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಡಬ್ಬಿಗಳನ್ನೇ ರೀಕಾಲ್ ಮಾಡಿ ರೈಸರ್ ಬದಲಿಸಿಕೊಟ್ಟರು. ಕೊಳ್ಳುವ ಮುಂಚೆ ರೈಸರ್ ಬದಲಾಗಿದೆಯಾ ಎಂದು ಕೇಳಿ, ಆಗದಿದ್ದರೆ ಬೇಡ. ಹಳೆಯದರ ರೈಸರ್ ಪಿಸಿಐಇ 3.0 ಕಾಲದ್ದು. ಬಿ550 ಬೋರ್ಡ್ ಹಾಕಿದರೆ ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಸ್ಲಾಟನ್ನು ಕೈಯಾರೆ ಜೆನ್ 3ಕ್ಕೆ, ಅಂದರೆ ಪಿಸಿಐಇ 3.0ಕ್ಕೆ, ಇಳಿಸಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರಬಹುದು. ವಿ2ದಲ್ಲಿ ಈ ತಲೆನೋವಿಲ್ಲ.

ಬಿಸಿ ಎಷ್ಟು? ಎಲ್ಲರೂ ಕೇಳುವುದು ಇದೇ. ಮಧ್ಯಾಹ್ನ, ಎಸಿ ಇಲ್ಲದ ಕೋಣೆ, ಗೋಡೆಯ ಥರ್ಮಾಮೀಟರ್‌ನಲ್ಲಿ 29 ಡಿಗ್ರಿ. ಅರ್ಧ ಗಂಟೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್. ಮ್ಯಾಕ್ಸ್‌ನಲ್ಲಿ ಪ್ರಾಸೆಸರ್ 78 ಡಿಗ್ರಿಗೆ ನಿಂತಿತು. ತಮ್ಮನ ಗಾಳಿ ಕೂಲರ್‌ನಲ್ಲಿ 87. ಎಚ್1ರಲ್ಲಿ 86. 5800ಎಕ್ಸ್‌ಗೆ 90 ಕೊನೇ ಗೆರೆ, ಅಲ್ಲಿಂದ ಮುಂದೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಮೂರೂ ಪಾಸು, ಮ್ಯಾಕ್ಸ್ ಮಾತ್ರ ಆರಾಮಾಗಿ ಪಾಸು. ಕಾರ್ಡಿನ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಬಯೋಸ್‌ನಲ್ಲಿ ಇಕೋ ಮೋಡ್ (ಪ್ರಾಸೆಸರ್ ಎಳೆಯುವ ವ್ಯಾಟ್ ತಗ್ಗಿಸುವ ಸೆಟ್ಟಿಂಗ್) 65 ವ್ಯಾಟ್‌ಗೆ ಇಟ್ಟೆ. 65 ಅನ್ನುವುದು ಕಾಗದದ ಲೆಕ್ಕ, ದುಡಿಯುವಾಗ ಪ್ರಾಸೆಸರ್ 142ರ ಬದಲು 88 ವ್ಯಾಟ್‌ಗೇ ನಿಲ್ಲುತ್ತೆ. ಮೂರು ಡಬ್ಬಿಗಳೂ 70ರ ಕೆಳಗೆ ಬಂದವು! ರೆಂಡರ್ ಸ್ವಲ್ಪ ತಡವಾಯಿತು, ಆಟ ಆಡುವಾಗ ನನಗಂತೂ ಏನೂ ಗೊತ್ತಾಗಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ನಾನು 280 ಎಂಎಂ ಕೂಲರ್‌ಗಾಗಿ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸುಮ್ನೆ ಹೇಳುತ್ತಿಲ್ಲ, ಡಬ್ಬಿ ಕೊಳ್ಳುವ ಮುಂಚೆ ಇರುವ ಮಷೀನ್‌ನಲ್ಲೇ ಒಮ್ಮೆ ಮಾಡಿ ನೋಡಿ.

ಸದ್ದಿನ ವಿಷಯಕ್ಕೆ ಬಂದರೆ ಗೆದ್ದಿದ್ದು ತಮ್ಮನ ಗಾಳಿ ಕೂಲರ್, ಅದೂ ರಾತ್ರಿ ಹೊತ್ತು. ಲಿಕ್ವಿಡ್ ಕೂಲರ್‌ನಲ್ಲಿ ಕೆಲಸ ಇಲ್ಲದಾಗಲೂ ಪಂಪ್ ತಿರುಗುತ್ತಲೇ ಇರಬೇಕು. ಹಗಲು ಕೇಳಲ್ಲ. ಹನ್ನೊಂದರ ಮೇಲೆ ಬೀದಿ ಸುಮ್ಮನಾದಾಗ ದೂರದ ಸೊಳ್ಳೆಯಷ್ಟು ಸದ್ದು ಕಿವಿಗೆ ಬರುತ್ತೆ.

ಈಗ ನಾನು ಹೇಳಲೇಬೇಕಾದ ವಿಷಯ. ಐದು ವರ್ಷ ಆದ ಮೇಲೆ ಏನು? ಲಿಕ್ವಿಡ್ ಕೂಲರ್ ಶಾಶ್ವತ ಅಲ್ಲ. ಒಳಗಿನ ದ್ರವ ರಬ್ಬರ್ ಟ್ಯೂಬ್‌ಗಳ ಮೂಲಕ ಇಷ್ಟಿಷ್ಟೇ ಇಂಗುತ್ತೆ, ಆ ಜಾಗಕ್ಕೆ ಗಾಳಿ ಸೇರುತ್ತೆ, ಪಂಪ್ ಸವೆಯುತ್ತೆ. ಆಗ ಮ್ಯಾಕ್ಸ್‌ನಲ್ಲಿ ನನಗೆ ದಾರಿ ಇದೆ. ಪವರ್ ಸಪ್ಲೈ ಮಾಮೂಲಿ ಎಸ್‌ಎಫ್‌ಎಕ್ಸ್, ರೇಡಿಯೇಟರ್ 280 ಎಂಎಂ, ಎರಡೂ ಬೇರೆ ಬೇರೆ ಕಂಪನಿಯವು ಸಿಗುತ್ತವೆ. ಟ್ಯೂಬ್ ಉದ್ದ ಹೊಂದಿಸಲು ಒದ್ದಾಡಬೇಕಾದೀತು, ಆದರೆ ಆಗುತ್ತೆ. ಎಚ್1ರಲ್ಲಿ ಹಾಗಲ್ಲ. 140 ಎಂಎಂ ಲಿಕ್ವಿಡ್ ಕೂಲರ್‌ಗಳು ಅಂಗಡಿಯಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಅದರ ಟ್ಯೂಬ್ ಆ ಕಂಬದೊಳಗೆ ಮಡಚಿಕೊಳ್ಳಬೇಕಲ್ಲ? ತಮ್ಮನಿಗೆ ಈ ಚಿಂತೆಯೇ ಇಲ್ಲ. ಅವನ ಕೂಲರ್‌ನಲ್ಲಿ ಕೆಡುವುದು ಒಂದು 92 ಎಂಎಂ ಫ್ಯಾನ್, ಎರಡು ಕ್ಲಿಪ್ ತೆಗೆದರೆ ಬದಲಾಯಿತು.

ಕುಂದಾಪುರದಲ್ಲಿರುವ ಅಪ್ಪನಿಗೆ ಕಟ್ಟಿದ್ದು ಇನ್‌ವಿನ್ ಶೋಪೆನ್. ಅದನ್ನು ಈ ಸಾಲಿಗೆ ಸೇರಿಸುವುದು ನ್ಯಾಯವಲ್ಲ, ಆದರೆ ಅದೂ ಪವರ್ ಸಪ್ಲೈ ಜೊತೆಗೇ ಬರುವ ಡಬ್ಬಿಯೇ. 3.3 ಲೀಟರ್, ದಪ್ಪದ ನಿಘಂಟಿನಷ್ಟು. 150 ವ್ಯಾಟ್, ಗ್ರಾಫಿಕ್ಸ್ ಕಾರ್ಡಿಗೆ ಜಾಗವೇ ಇಲ್ಲ. ರೈಜೆನ್ 5 5600ಜಿ ಹಾಕಿದೆ, ಅಪ್ಪನ ಪೇಪರ್ ಓದಲು, ಯಕ್ಷಗಾನ ನೋಡಲು ಧಾರಾಳ. ಅಲ್ಲಿ ಮಂಗ ಆಗಿದ್ದು ನಾನು. ಪ್ರಾಸೆಸರ್ ಜೊತೆ ಬಂದ ಕೂಲರ್ 54 ಎಂಎಂ ಎತ್ತರ, ಡಬ್ಬಿ ಒಪ್ಪುವುದು 43. ತಮ್ಮನಿಗೆ ಮೂರು ಎಂಎಂಗೆ ಬೈದವನು ನಾನೇ ಅಳೆಯದೆ ಬಸ್ ಹತ್ತಿದ್ದೆ. 37 ಎಂಎಂನ ಕೂಲರ್ ತರಿಸಲು ನಾಲ್ಕು ದಿನ ಆಯಿತು. ಅಷ್ಟು ದಿನ ಅಮ್ಮನ ಬಂಗುಡೆ ಸಾರು ಸಿಕ್ಕಿತು, ಅದೊಂದು ಸಮಾಧಾನ.

ಹಾಗಾದರೆ ಯಾರಿಗೆ ಯಾವುದು? ಟೇಬಲ್ ಮೇಲಿನ ಜಾಗವೇ ದೊಡ್ಡ ಸಮಸ್ಯೆ, ಒಮ್ಮೆ ಕಟ್ಟಿದ ಮೇಲೆ ಮುಟ್ಟುವುದೇ ಇಲ್ಲ ಅನ್ನುವವರಿಗೆ ಎಚ್1 ವಿ2. ಮೊದಲ ಸಲ ಚಿಕ್ಕ ಮಷೀನ್ ಕಟ್ಟುತ್ತಿದ್ದೀರಿ, ಬಿಸಿ ಪ್ರಾಸೆಸರ್ ಇದೆ ಅಂದರೆ ಮ್ಯಾಕ್ಸ್, ಎರಡನೇ ಯೋಚನೆ ಬೇಡ. 65 ವ್ಯಾಟ್‌ನ ಪ್ರಾಸೆಸರ್ ಇದ್ದು ಒಂದು ಶನಿವಾರ ಕೈಯಲ್ಲಿದ್ದರೆ ತಮ್ಮನ ದಾರಿ. ದುಡ್ಡೂ ಉಳಿಯುತ್ತೆ, ನಿದ್ದೆಯೂ ಬರುತ್ತೆ.

ನಾನು ಮ್ಯಾಕ್ಸನ್ನೇ ಉಳಿಸಿಕೊಂಡಿದ್ದೇನೆ, ಇಕೋ ಮೋಡ್‌ನಲ್ಲೇ ಓಡಿಸುತ್ತಿದ್ದೇನೆ. ಪಂಪ್ ಮೇಲೆ ಕಾಗದದ ಪಟ್ಟಿ ಅಂಟಿಸಿ ಜೋಡಿಸಿದ ತಾರೀಖು ಬರೆದಿಟ್ಟಿದ್ದೇನೆ. ಅದರ ಕೆಳಗೆ ಮಗಳು ಒಂದು ಮೀನಿನ ಚಿತ್ರ ಬಿಡಿಸಿದ್ದಾಳೆ, ಒಳಗೆ ನೀರಿದೆ ಅಂತ ಯಾರೋ ಹೇಳಿದ್ದರಂತೆ.